ಡಾರ್ಕ್ ರೂಮಿನ ಹಾವುಮೀನು

ನನ್ನ ಮಾವನವರಿಗೆ ಮಾತು ಹೋಗಿ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದಿತ್ತು. ಒಂದು ಬೆಳಿಗ್ಗೆ ಲಿಂಗಪೂಜೆಗೆ ಕೂತವರು ಹಾಗೇ ಬಲಕ್ಕೆ ವಾಲಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟಾದರು. ಬಲಗೈ ಮಾತ್ರ ಬೇರೆ ಯಾರದೋ ಎಂಬಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಬಾಯಿಂದ ಒಂದು ಪದವೂ ಬರುತ್ತಿರಲಿಲ್ಲ. ಹೇಳಬೇಕಾದದ್ದು ಒಳಗೆ ಇದೆ ಅನ್ನುವುದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಬಾಯಿ ತೆರೆಯುತ್ತಿದ್ದರು, ಸ್ವಲ್ಪ ಕಾಯುತ್ತಿದ್ದರು, ಮುಚ್ಚುತ್ತಿದ್ದರು.

ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ಕೆಲಸ ಮಾಡಿದವರು. ಭಟ್ಟಿಯ ಸದ್ದನ್ನು ಮೀರಿ ಕೂಗಿ ಕೂಗಿ ಗಂಟಲು ದೊಡ್ಡದಾಗಿತ್ತು. ನಿವೃತ್ತರಾಗಿ ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಜೊತೆ ಇರಲು ಬಂದ ಮೇಲೂ ಒಂದು ಲೋಟ ನೀರು ಕೇಳಿದರೆ ಬೀದಿಗೆ ಕೇಳಿಸುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನು ಅವರು ಬೈಯುತ್ತಿದ್ದಾರೆ ಅಂದುಕೊಂಡು ಬಚ್ಚಲಿಗೆ ಹೋಗಿ ಅತ್ತಿದ್ದೂ ಉಂಟು. ಆ ದನಿ ನಿಂತ ಮೇಲೆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸತೊಡಗಿತು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ನಮಗಿನ್ನೂ ಮಕ್ಕಳಿರಲಿಲ್ಲ. ನಾನು ಹತ್ತಿರದ ನರ್ಸರಿ ಶಾಲೆಯಲ್ಲಿ ಪಾಠ ಮಾಡಿ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದೆ. ನನ್ನ ಗಂಡನದು ಬಸ್ ಸ್ಟ್ಯಾಂಡಿನ ಕಡೆ ಫೋಟೋ ಸ್ಟುಡಿಯೋ, ಅವರು ಬರುತ್ತಿದ್ದುದು ಸಂಜೆಗೆ.

ಎರಡು ಸಾವಿರದ ಆಚೀಚೆಯ ಮಾತು ಇದು. ಮಾವನವರ ಜೊತೆ ಭಟ್ಟಿಯಲ್ಲಿದ್ದ ಕಿರಿಯ ಗೆಳೆಯರೊಬ್ಬರು ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿ ಮಾಡಿ ತಮಿಳುನಾಡಿಗೆ, ಮಗಳ ಮನೆಗೆ ಹೊರಟಿದ್ದರು. ಅವರ ಹೆಂಡತಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಮಾವನವರು ಆಸ್ಪತ್ರೆಯಲ್ಲಿದ್ದ ದಿನಗಳೇ ಅವು, ನಮ್ಮಲ್ಲಿ ಯಾರಿಗೂ ಹೋಗಲಾಗಿರಲಿಲ್ಲ. ಮಾವನವರನ್ನು ಅವರು ಅಣ್ಣ ಅಂತಲೇ ಕರೆಯುತ್ತಿದ್ದುದು. ಹೋಗುವ ಮುಂಚೆ ಒಂದು ಸಲ ಅಣ್ಣನನ್ನು ನೋಡಬೇಕು ಅಂತ ಅವರು ಹೇಳಿಕಳಿಸಿದ್ದರಿಂದ ನಾವೇ ಒಂದು ಭಾನುವಾರ ಮಾವನವರನ್ನು ಓಮ್ನಿಯಲ್ಲಿ ಕೂರಿಸಿಕೊಂಡು ಭದ್ರಾವತಿಗೆ ಹೊರಟೆವು.

ಕ್ವಾರ್ಟರ್ಸಿನ ಹಜಾರದಲ್ಲಿ ಸಾಮಾನೆಲ್ಲ ಗಂಟು ಕಟ್ಟಿಯಾಗಿತ್ತು. ಗೋಡೆಗೆ ತಾಗಿದ್ದ ಒಂದು ಗಾಜಿನ ತೊಟ್ಟಿ ಮಾತ್ರ ಉಳಿದಿತ್ತು. ಮಂಚದಷ್ಟು ಉದ್ದದ ತೊಟ್ಟಿ. ಒಳಗೆ ಕಲ್ಲು, ಮರಳು, ನಲ್ಲಿಯವರು ಹಾಕುವ ದಪ್ಪ ಬಿಳಿ ಪಿವಿಸಿ ಪೈಪಿನ ಒಂದು ತುಂಡು. ಮೀನು ಒಂದೂ ಕಾಣಲಿಲ್ಲ.

"ಖಾಲಿ ಇದೆಯಲ್ಲ ಅಂಕಲ್," ಅಂದೆ.

"ಇಲ್ಲಮ್ಮಾ. ಇದೆ. ಇಲ್ಲದ ಹಾಗೆ ಕಾಣುತ್ತೆ, ಅಷ್ಟೇ," ಅಂದರು ಅವರು.

ಅವರು ಒಂದು ಕಡ್ಡಿಯ ತುದಿಗೆ ಸಿಗಡಿ ಸಿಕ್ಕಿಸಿ ನೀರಿಗೆ ಇಳಿಸಿದರು. ಪೈಪಿನ ಬಾಯಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಒಂದು ತಲೆ ಇತ್ತು. ಬರುವುದು ನನಗೆ ಕಾಣಲಿಲ್ಲ. ಬಿಳಿ ಮೈಯ ಮೇಲೆ ಜೇನುಗೂಡಿನಂತೆ ಕಪ್ಪು ಮಚ್ಚೆ, ನನ್ನ ಮುಂಗೈಯಷ್ಟು ದಪ್ಪ, ಚಿಕ್ಕ ಕಣ್ಣು. ಬಾಯಿ ತೆರೆಯಿತು, ಸ್ವಲ್ಪ ತಡೆಯಿತು, ಮುಚ್ಚಿತು. ಮತ್ತೆ ತೆರೆಯಿತು. ಒಳಗೆ ಹಿಂದಕ್ಕೆ ಬಾಗಿದ ಹಲ್ಲುಗಳಿದ್ದವು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹಾವಾ?"

"ಮೀನಮ್ಮಾ. ಸಮುದ್ರದ ಹಾವುಮೀನು. ಮೊರೆ ಈಲ್ ಅಂತಾರೆ. ಬಾಯಿ ತೆಗೆಯೋದು ಕಚ್ಚೋಕಲ್ಲ. ಅದು ಉಸಿರಾಡೋದೇ ಹಾಗೆ."

ಮದ್ರಾಸಿನ ಅಂಗಡಿಯಿಂದ ಅದು ಬೆರಳುದ್ದವಿದ್ದಾಗ ತಂದಿದ್ದರಂತೆ. ಮಗಳ ಮನೆ ಮೂರನೇ ಮಹಡಿಯಲ್ಲಿ, ಅಲ್ಲಿ ತೊಟ್ಟಿಗೆ ಜಾಗವಿಲ್ಲ. ಕೊಂಡುಕೊಳ್ಳುವವರು ಬಂದಿದ್ದರು, ಆದರೆ ಅವರಿಗೆ ತೊಟ್ಟಿ ಬೇಕಿತ್ತು, ಮೀನು ಬೇಕಿರಲಿಲ್ಲ. ನನ್ನ ಗಂಡ ಆಗಲೇ ಗಾಜಿಗೆ ಮೂಗು ಹತ್ತಿಸಿ ನಿಂತಿದ್ದರು. ಅವರ ಬೆನ್ನು ನೋಡಿಯೇ ಇದು ನಮ್ಮ ಮನೆಗೆ ಬರುತ್ತದೆ ಅಂತ ನನಗೆ ಗೊತ್ತಾಯಿತು.

"ನಮ್ಮ ಮನೇಲಿ ಮೊಟ್ಟೇನೂ ತರಲ್ಲ. ಇದಕ್ಕೆ ಸಿಗಡಿ ಎಲ್ಲಿಂದ ತರ್ತೀರಿ?" ಅಂತ ಕೇಳಿದೆ.

"ಮಾರ್ಕೆಟ್‌ನಿಂದ ತಂದು ಸ್ಟುಡಿಯೋ ಫ್ರಿಜ್‌ನಲ್ಲಿ ಇಡ್ತೀನಿ. ಮನೆ ಫ್ರಿಜ್ ಮುಟ್ಟಲ್ಲ, ಆಯ್ತಾ."

ನಾನು ಮಾವನವರ ಕಡೆ ನೋಡಿದೆ. ಅವರು ಬೇಡ ಅಂತ ತಲೆಯಾಡಿಸಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಪೈಪಿನ ಬಾಯನ್ನೇ ನೋಡುತ್ತಿದ್ದರು. ಅವರ ಬಾಯಿಯೂ ತೆರೆದಿತ್ತು.

ಈಲನ್ನು ಬಿಳಿ ಪೇಂಟ್ ಬಕೆಟ್ಟಿಗೆ ಹಾಕಿ ಮುಚ್ಚಳ ಬಿಗಿದು ಮಾವನವರ ಕಾಲುಗಳ ನಡುವೆ ಇಟ್ಟೆವು. ತೊಟ್ಟಿ, ನೀರಿನ ಕ್ಯಾನುಗಳು ಹಿಂದೆ ಟೆಂಪೋದಲ್ಲಿ ಬಂದವು. ಬೀಳ್ಕೊಡುವಾಗ ಅಂಕಲ್ ನನಗೆ ಹೇಳಿದ್ದು ಒಂದೇ ಮಾತು, ತೊಟ್ಟಿಯ ಮುಚ್ಚಳದ ಮೇಲೆ ಇಟ್ಟಿಗೆ ಇರಲೇಬೇಕು. ದಾರಿಯುದ್ದಕ್ಕೂ ಹಂಪ್ ಬಂದಾಗಲೆಲ್ಲ ಬಕೆಟ್ಟಿನ ಒಳಗಿನಿಂದ ಮುಚ್ಚಳಕ್ಕೆ ಏನೋ ಮೆತ್ತಗೆ ತಾಗುತ್ತಿತ್ತು. ಮಾವನವರು ಎಡಗೈಯನ್ನು ಮುಚ್ಚಳದ ಮೇಲೆ ಹರಡಿ ಇಟ್ಟುಕೊಂಡಿದ್ದರು. ಒಳಗಿನಿಂದ ತಾಗಿದಾಗ ಅವರೂ ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದರು.

ಮನೆಯ ಹಿಂಭಾಗದಲ್ಲಿ ನನ್ನ ಗಂಡನ ಡಾರ್ಕ್ ರೂಮ್ ಇತ್ತು. ಕಲರ್ ಲ್ಯಾಬುಗಳು ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಕಿಟಕಿಯಿಲ್ಲದ ತಣ್ಣನೆಯ ಕೋಣೆ, ಮೂಲೆಯಲ್ಲಿ ಸಿಂಕು, ಫೋಟೋ ತೊಳೆಯುವಾಗ ಹಾಕುವ ಕೆಂಪು ಬಲ್ಬು. ತೊಟ್ಟಿಯನ್ನು ಅಲ್ಲಿಟ್ಟರು. ಕೆಂಪು ಬೆಳಕು ಈ ಮೀನಿಗೆ ಅಷ್ಟಾಗಿ ಕಾಣುವುದಿಲ್ಲವಂತೆ, ಹಾಗಾಗಿ ಕತ್ತಲೆ ಅಂದುಕೊಂಡು ಧೈರ್ಯವಾಗಿ ಹೊರಗೆ ಬರುತ್ತದಂತೆ. ಗಂಡನಿಗೆ ಹಬ್ಬವಾಯಿತು. ಡೆವಲಪರ್ ಕಲಸಿ, ಥರ್ಮಾಮೀಟರ್ ಅದ್ದಿ ಅಭ್ಯಾಸವಿದ್ದ ಕೈ ಈಗ ಉಪ್ಪನ್ನು ಅಳೆಯತೊಡಗಿತು. ಮಲ್ಪೆಯಿಂದ ಮೀನು ತರುವ ಲಾರಿಯವನಿಗೆ ಹೇಳಿ ಕ್ಯಾನುಗಳಲ್ಲಿ ಸಮುದ್ರದ ನೀರು ತರಿಸುತ್ತಿದ್ದರು. ಘಟ್ಟ ಹತ್ತಿ ಬಂದ ಆ ನೀರಿಗೆ ಒಂದು ವಾಸನೆಯಿತ್ತು. ಅದು ಮೀನಿನ ವಾಸನೆಯಲ್ಲ, ಹಳೆಯ ತಾಮ್ರದ ಚೊಂಬಿನೊಳಗೆ ಮೂಗಿಟ್ಟಂಥದ್ದು. ಕೆಲವೇ ದಿನಗಳಲ್ಲಿ ಆ ವಾಸನೆ ನನ್ನ ಸೀರೆಗಳಲ್ಲೂ ಸೇರಿಕೊಂಡಿತು.

ಮೊದಲ ವಾರಗಳಲ್ಲಿ ಈಲ್ ಹೊರಗೇ ಬರಲಿಲ್ಲ. ಗಂಡ ಕಡ್ಡಿಗೆ ಸಿಗಡಿ ಸಿಕ್ಕಿಸಿ ಪೈಪಿನ ಮುಂದೆ ಹಿಡಿದು ಕೈ ನೋಯುವವರೆಗೆ ನಿಲ್ಲುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಸತ್ತಿರಬೇಕು ಅಂತ ನಾನೂ, ಹೊಸ ಜಾಗ, ಒಗ್ಗಲು ಸಮಯ ಬೇಕು ಅಂತ ಅವರೂ ವಾದ ಮಾಡಿದೆವು. ಅದೇ ಸಮಯದಲ್ಲಿ ಮಾವನವರಿಗೆ ಹೊಸ ಅಭ್ಯಾಸ ಶುರುವಾಯಿತು. ಊಟವಾದ ಮೇಲೆ ಕೋಲು ಊರಿಕೊಂಡು ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನನ್ನ ಕಡೆ ನೋಡುತ್ತಿದ್ದರು. ನಾನು ಕೆಂಪು ಬಲ್ಬು ಹಾಕಿ, ಕುರ್ಚಿ ಎಳೆದು ಕೂರಿಸಿ ಬರಬೇಕು. ಬಾಗಿಲು ಮುಚ್ಚುವಂತೆ ಕೈ ಮಾಡುತ್ತಿದ್ದರು. ಸಂಜೆ ಕಾಫಿಯ ಹೊತ್ತಿಗೆ ಹೋಗಿ ಕರೆದುಕೊಂಡು ಬರುತ್ತಿದ್ದೆ.

ಒಂದು ದಿನ ಕಾಫಿಗೆ ಕರೆಯಲು ಹೋದಾಗ ಈಲ್ ಹೊರಗಿತ್ತು. ಅರ್ಧ ಮೈ ಪೈಪಿನಿಂದಾಚೆ ಬಂದು, ತಲೆ ಗಾಜಿನ ಹತ್ತಿರ, ಮಾವನವರ ಮುಖಕ್ಕೆ ನೇರವಾಗಿ ನಿಂತಿತ್ತು. ಕೆಂಪು ಬೆಳಕಿನಲ್ಲಿ ಅದರ ಬಿಳುಪೆಲ್ಲ ಕೆಂಪಾಗಿತ್ತು, ಮಾವನವರ ಬಿಳಿ ಗಡ್ಡವೂ ಕೆಂಪಾಗಿತ್ತು. ಅದು ಬಾಯಿ ತೆರೆಯಿತು. ಅವರೂ ತೆರೆದರು. ಅದು ತಡೆಯಿತು, ಅವರೂ ತಡೆದರು. ಮುಚ್ಚಿದ್ದೂ ಒಟ್ಟಿಗೆ. ಯಾರು ಯಾರನ್ನು ಅನುಸರಿಸುತ್ತಿದ್ದಾರೆ ಅಂತ ಎಷ್ಟು ಹೊತ್ತು ನೋಡಿದರೂ ನನಗೆ ತಿಳಿಯಲಿಲ್ಲ. ಕಾಫಿ ಆರಿಹೋಯಿತು.

ಗಂಡನಿಗೆ ಹೇಳಿದಾಗ ನಕ್ಕರು. "ಡಾಕ್ಟರು ಬಾಯಿಗೆ ವ್ಯಾಯಾಮ ಮಾಡಿಸಿ ಅಂದಿದ್ರಲ್ಲ. ನಾವು ಹೇಳಿದ್ರೆ ಮಾಡ್ತಿರ್ಲಿಲ್ಲ, ಈಗ ಮಾಡ್ತಿದ್ದಾರೆ ಬಿಡು ಮಾರಾಯ್ತಿ."

ಅವರು ಕ್ಯಾಮೆರಾ ತಂದು ಇಬ್ಬರದೂ ಒಂದು ಚಿತ್ರ ತೆಗೆಯಲು ನೋಡಿದರು. ಯಾವ ಕಡೆ ನಿಂತರೂ ಗಾಜಿನಲ್ಲಿ ಮಾವನವರ ಮುಖದ ಪ್ರತಿಬಿಂಬ ಸರಿಯಾಗಿ ಈಲಿನ ತಲೆಯ ಮೇಲೇ ಬೀಳುತ್ತಿತ್ತು. ಕೊನೆಗೆ ಕ್ಯಾಮೆರಾ ಕೆಳಗಿಟ್ಟು, "ಬೇಡ ಬಿಡು," ಅಂದರು.

ಇದಾಗಿ ಸ್ವಲ್ಪ ದಿನಕ್ಕೆ ನಾನು ಶಾಲೆಯಿಂದ ಬಂದು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಕೋಣೆಯೊಳಗೆ ಯಾರೋ ಮಾತಾಡಿದ್ದು ಕೇಳಿಸಿತು. ಗಂಡಸಿನ ದನಿ, ಆದರೆ ತೀರ ಮೆಲ್ಲಗೆ. ಗಂಡ ಬೇಗ ಬಂದಿದ್ದಾರೆ ಅಂದುಕೊಂಡೆ. ಗೇಟಿನ ಹತ್ತಿರ ಸ್ಕೂಟರ್ ಇರಲಿಲ್ಲ. ಬಟ್ಟೆಗಳನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಕಿವಿಯಿಟ್ಟೆ.

"ಕದವ ಮೂಡು," ಅಂದಿತು ಒಳಗಿನ ದನಿ. ಸ್ವಲ್ಪ ಹೊತ್ತು ಬಿಟ್ಟು, "ಕುಳಿರುದು."

ಬಾಗಿಲು ತಳ್ಳಿದೆ. ಒಳಗೆ ಮಾವನವರು ಒಬ್ಬರೇ. ಈಲ್ ಅವರೆದುರು ತಲೆ ಚಾಚಿತ್ತು. ನನ್ನನ್ನು ನೋಡಿ ಅವರು ಬಾಯಿ ಮುಚ್ಚಿಕೊಂಡರು. "ಮಾವ, ನೀವು ಮಾತಾಡಿದ್ರಾ?" ಅಂತ ಎಷ್ಟು ಸಲ ಕೇಳಿದರೂ ಅದೇ ಹಳೆಯ ಹಾಗೆ ಬಾಯಿ ತೆರೆದು, ಕಾದು, ಮುಚ್ಚಿದರು. ಅವರ ಕಣ್ಣಲ್ಲಿ ನನಗೆ ಖುಷಿ ಕಾಣಲಿಲ್ಲ. ಯಾರಾದರೂ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿದವರನ್ನು ನೋಡುವಂತೆ ನೋಡಿದರು.

ಅದು ತಮಿಳು. ತಮಿಳರೂ ದುಡಿಯುವ ಭದ್ರಾವತಿಯ ಕಾರ್ಖಾನೆಯಲ್ಲಿ ಬದುಕಿದವರಿಗೆ ಆ ಭಾಷೆ ಬರದೆ ಇರುವುದಿಲ್ಲ. ಬಾಗಿಲು ಮುಚ್ಚು, ಚಳಿಯಾಗುತ್ತಿದೆ ಅಂತ ಅದರ ಅರ್ಥ. ಮರುದಿನವೂ ಅದೇ ಎರಡು ಮಾತು ಕೇಳಿಸಿತು, ಅದರ ಮರುದಿನವೂ. ಗಂಡನೂ ಸ್ಟುಡಿಯೋ ಮುಚ್ಚಿ ಬಂದು ಬಾಗಿಲಾಚೆ ನಿಂತು ಕೇಳಿಸಿಕೊಂಡರು. ಅವರ ಕಣ್ಣು ತುಂಬಿತು. ಅವರಿಗೆ ಅದು ಅಪ್ಪನ ದನಿ, ಅಷ್ಟೇ ಸಾಕಿತ್ತು. ನನಗೆ ಅದು ಮಾವನವರ ದನಿಯ ಹಾಗೆ ಕೇಳಿಸಿರಲಿಲ್ಲ. ಮಾವನವರು ಬದುಕಿನಲ್ಲಿ ಅಷ್ಟು ಮೆಲ್ಲಗೆ ಮಾತಾಡಿದವರೇ ಅಲ್ಲ.

ಆಲ್ಕೊಳದ ಕಡೆ ಇದ್ದ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಸಮಾಧಾನವಾಗಿ ಕೇಳಿ ಹೇಳಿದರು: "ಇದು ಒಳ್ಳೇದೇ. ಹೊಸದಾಗಿ ಮಾತು ಕಟ್ಟೋಕಾಗಲ್ಲ, ಆದ್ರೆ ವರ್ಷಗಟ್ಟಲೆ ಹೇಳಿ ಬಾಯಿಪಾಠ ಆಗಿರೋ ಮಾತು ಉಳ್ಕೊಂಡಿರತ್ತೆ. ಮಂತ್ರ, ಹಾಡು, ಬೈಗುಳ, ಹೀಗೆ. ಭಟ್ಟಿ ಹತ್ರ ಕೆಲಸ ಮಾಡ್ತಿದ್ರು ಅಂದ್ರಲ್ಲ. ಭಟ್ಟಿ ಬಾಗಿಲು ಮುಚ್ಚು ಅಂತ ದಿನಾ ಕೂಗಿರ್ತಾರೆ."

ಗಂಡ ಹೌದೌದು ಅಂದರು. ಮನೆಗೆ ಬರುವಾಗ ಓಮ್ನಿಯಲ್ಲಿ ನಾನು ಕೇಳಿದೆ, "ಭಟ್ಟಿ ಮುಂದೆ ನಿಂತು ಯಾರಾದ್ರೂ ಚಳಿ ಅಂತಾರಾ?"

ಅವರು ಗೇರ್ ಬದಲಾಯಿಸಿದರು.

ಬೇಸಿಗೆ ಹತ್ತಿರವಾದಂತೆ ಕರೆಂಟು ಮಧ್ಯಾಹ್ನ ಹೋಗತೊಡಗಿತು. ಕರೆಂಟು ಹೋದರೆ ತೊಟ್ಟಿಯ ಪಂಪು ನಿಲ್ಲುತ್ತದೆ, ನೀರಿಗೆ ಗಾಳಿ ಸಿಗುವುದಿಲ್ಲ. ಗಂಡ ಒಂದು ಬ್ಯಾಟರಿ ತಂದು ಜೋಡಿಸಬೇಕು ಅನ್ನುತ್ತಲೇ ಇದ್ದರು. ಆವತ್ತು ನಾನು ಶಾಲೆಯಿಂದ ಬರುವಾಗ ಬೀದಿಯಲ್ಲಿ ಎಲ್ಲೂ ಕರೆಂಟಿರಲಿಲ್ಲ. ಮಾವನವರ ಊಟದ ತಟ್ಟೆ ಹಾಗೇ ಮುಚ್ಚಿತ್ತು. ನಾನು ಬರುವುದನ್ನು ಕಾಯದೆ ಅವರೇ ಕೋಣೆಗೆ ಹೋಗಿದ್ದರು.

ಹಿತ್ತಲಿಗೆ ಓಡಿದೆ. ಬಾಗಿಲಿನಾಚೆ ಪಂಪಿನ ಗುಳುಗುಳು ಇಲ್ಲ. ಅದರ ಬದಲು ಇನ್ನೊಂದು ಸದ್ದು ಬರುತ್ತಿತ್ತು, ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ನಿಧಾನವಾಗಿ ಎಳೆದಂತೆ. ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. ನಡುವೆ ಮಾವನವರ ಉಸಿರು.

ಬಾಗಿಲು ತೆರೆದಾಗ ನನ್ನ ಬೆನ್ನ ಹಿಂದಿನ ಬಿಸಿಲು ಒಳಗೆ ಬಿತ್ತು. ಮಾವನವರು ಸಿಮೆಂಟು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಕುರ್ಚಿ ಉರುಳಿತ್ತು. ತೊಟ್ಟಿಯ ಮುಚ್ಚಳ ಒಂದು ಮೂಲೆಯಲ್ಲಿ ಎದ್ದು, ಇಟ್ಟಿಗೆ ಕೆಳಗೆ ಬಿದ್ದಿತ್ತು. ಯಾವಾಗಲೂ ಅವರ ಹೆಗಲ ಮೇಲಿರುತ್ತಿದ್ದ ಟವೆಲ್ ಈಗ ನೆಲದ ಮೇಲಿತ್ತು, ಅದರೊಳಗೆ ಈಲ್ ಇತ್ತು. ನೀರಿನಲ್ಲಿ ಕಂಡಿದ್ದಕ್ಕಿಂತ ಅದು ಎಷ್ಟೋ ಉದ್ದವಿತ್ತು. ಬಾಲ ಸಿಂಕಿನ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತಿತ್ತು. ಮಾವನವರ ಎಡಗೈಯಿಂದ ರಕ್ತ ಹರಿದು ಟವೆಲ್ಲಿಗೆ ಇಳಿಯುತ್ತಿತ್ತು. ಆದರೂ ಅವರು ಕೈ ಬಿಟ್ಟಿರಲಿಲ್ಲ.

ಅವರು ನನ್ನ ಮುಖ ನೋಡಿದರು. ಬಾಯಿ ತೆರೆದರು. ಈ ಸಲ ಕಾಯಲಿಲ್ಲ.

"ಹಿಡ್ಕೋ," ಅಂದರು.

ಒಂದು ಮಳೆಗಾಲ, ಒಂದು ಚಳಿಗಾಲ ಆದ ಮೇಲೆ ಅವರು ನನಗೆ ಹೇಳಿದ ಮೊದಲ ಮಾತು. ಹುಟ್ಟಿದಾಗಿನಿಂದ ಮೀನಿನಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಹೋದವಳು ನಾನು. ಸೆರಗನ್ನು ಕೈಗೆ ಸುತ್ತಿಕೊಂಡು ಬಾಲ ಬಿಡಿಸಿ ಹಿಡಿದೆ. ಅದರ ಮೈಯಲ್ಲಿ ಮೂಳೆ ಇದ್ದಂತೆಯೇ ಅನಿಸಲಿಲ್ಲ, ಬರೀ ಬಲ, ಮೇಲೆ ಲೋಳೆ. ನಾವಿಬ್ಬರೂ ಸೇರಿ ಮೂರು ಕೈಯಲ್ಲಿ ಅದನ್ನು ಎತ್ತಿದೆವು. ಅದರ ಬಾಯಿ ನನ್ನ ಮೊಣಕೈಯ ಪಕ್ಕದಲ್ಲೇ ತೆರೆಯಿತು, ಮುಚ್ಚಿತು. ನೀರಿನ ಹೊರಗೂ ಅದೇ ಲಯ. ತೊಟ್ಟಿಗೆ ಬಿದ್ದದ್ದೇ ಪೈಪಿನೊಳಗೆ ಸೇರಿಕೊಂಡಿತು. ನಾನು ಇಟ್ಟಿಗೆ ಎತ್ತಿ ಮುಚ್ಚಳದ ಮೇಲಿಟ್ಟೆ.

ಆಸ್ಪತ್ರೆಯಲ್ಲಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಅಂಗೈಗೆ ದಪ್ಪ ಬ್ಯಾಂಡೇಜು ಸುತ್ತಿದರು. ಸಮುದ್ರದ ಮೀನು ಕಚ್ಚಿದ್ದು ಅಂತ ಹೇಳಿದಾಗ ಅಲ್ಲಿನ ಹುಡುಗಿ ಬರೆಯುವುದನ್ನು ನಿಲ್ಲಿಸಿ, "ಎಲ್ಲಿ? ಶಿವಮೊಗ್ಗದಲ್ಲಾ?" ಅಂತ ಕೇಳಿದಳು. ಮಾವನವರು ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದುದು ಆ ಎಡ ಅಂಗೈಯಲ್ಲೇ. ಮರುದಿನ ಬೆಳಿಗ್ಗೆ ಬ್ಯಾಂಡೇಜಿನ ಮೇಲೆ ಒಂದು ಮಡಿ ಬಟ್ಟೆ ಹಾಸಿ ಅದರ ಮೇಲೆ ಲಿಂಗ ಇಟ್ಟುಕೊಂಡರು. ಬಲಗೈ ಬಾರದ್ದರಿಂದ ನೀರು ಬಿಡುತ್ತಿದ್ದವಳು ಮೊದಲಿನಿಂದಲೂ ನಾನೇ. ಆವತ್ತು ಹನಿ ಬ್ಯಾಂಡೇಜಿಗೆ ಬೀಳದಂತೆ ಬಿಟ್ಟೆ.

ಆಮೇಲೆ ಈಲ್ ತಿನ್ನುವುದನ್ನು ಬಿಟ್ಟಿತು. ಏನು ಮಾಡಬೇಕು ಅಂತ ಕೇಳಲು ನನ್ನ ಗಂಡ ಅಂಕಲ್‌ಗೆ ಎಸ್‌ಟಿಡಿ ಕಾಲ್ ಮಾಡಿದರು. ಮೀನಿನ ವಿಷಯ, ಕಚ್ಚಿದ ವಿಷಯ ಎಲ್ಲ ಹೇಳಿ, ಇನ್ನೊಂದು ಸಂತೋಷದ ಸುದ್ದಿ ಅಂತ ಅಪ್ಪನಿಗೆ ಎರಡು ಮಾತು ಬಂದಿದೆ, ಅದೂ ನಿಮ್ಮ ತಮಿಳಿನಲ್ಲೇ ಅಂತ ಆ ಮಾತುಗಳನ್ನು ಹೇಳಿದರು. ಲೈನ್ ಹೋಯಿತು ಅಂದುಕೊಂಡು ಗಂಡ ಹಲೋ ಹಲೋ ಅಂದರು. ಆಮೇಲೆ ರಿಸೀವರನ್ನು ನನ್ನ ಕಡೆ ಚಾಚಿ, "ನಿನ್ನ ಹತ್ರ ಮಾತಾಡ್ಬೇಕಂತೆ," ಅಂದರು.

"ಅಮ್ಮಾ," ಅಂದರು ಅಂಕಲ್. "ಆ ಮಾತನ್ನ ಅಣ್ಣ ಎಲ್ಲಿ ಕೇಳಿದ್ರು?"

"ಗೊತ್ತಿಲ್ಲ ಅಂಕಲ್. ಭಟ್ಟಿ ಹತ್ರ ಕೂಗ್ತಿದ್ದ ಮಾತು ಅಂತ ಡಾಕ್ಟರು ಹೇಳಿದ್ರು."

"ಇಲ್ಲಮ್ಮಾ. ಅದು ನನ್ನ ಹೆಂಡತಿ ಮಾತು. ಕಡೇ ತಿಂಗಳು ಅವಳನ್ನ ಹಾಲ್‌ನಲ್ಲೇ ಮಲಗಿಸಿದ್ದೆ, ಆ ತೊಟ್ಟಿ ಪಕ್ಕದಲ್ಲಿ. ಬಾಗಿಲು ಮುಚ್ಚಿದ್ರೂ ಅದನ್ನೇ ಹೇಳೋಳು. ಕದವ ಮೂಡು, ಕುಳಿರುದು. ದಿನವೆಲ್ಲಾ. ಮೆಲ್ಲಗೆ. ನಾನಿದ್ದೆ, ಅವಳಿದ್ಲು, ಆ ಮೀನಿತ್ತು. ಬೇರೆ ಯಾರೂ ಇರಲಿಲ್ಲ. ಅಣ್ಣ ಆಗ ನಿಮ್ಮೂರಿನ ಆಸ್ಪತ್ರೆಯಲ್ಲಿದ್ರು."

ಮೆಲ್ಲಗೆ ಅನ್ನುವ ಒಂದು ಪದಕ್ಕೆ ನನ್ನ ಕೈಯ ರೋಮ ನಿಂತಿತ್ತು. ಬಾಗಿಲಿನಾಚೆಯಿಂದ ನಾನು ಕೇಳಿದ ದನಿ ಎಷ್ಟು ಮೆಲ್ಲಗಿತ್ತು ಅಂತ ನಾವ್ಯಾರೂ ಅವರಿಗೆ ಹೇಳಿರಲಿಲ್ಲ.

ಆ ವಾರವೇ ಅವರು ಬಸ್ಸು ಹತ್ತಿ ಬಂದರು. ಇಳಿವಯಸ್ಸಿನಲ್ಲಿ ಅಷ್ಟು ದೂರ ಕೂತು ಬಂದು ಕಾಲು ಊದಿತ್ತು. ಸ್ನಾನ ಮಾಡಿ ಅಂದೆ, ಊಟ ಮಾಡಿ ಅಂದೆ. ಮೊಸರನ್ನದ ನಾಲ್ಕು ತುತ್ತು ತಿಂದು, "ಕೋಣೆ ತೋರಿಸಮ್ಮಾ," ಅಂದರು. ಮಾವನವರು ಆಗಲೇ ಅಲ್ಲಿ ಕೂತಿದ್ದರು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಟ್ಟೆ. ನಾನೂ ಬಾಗಿಲ ಬಳಿ ನಿಂತೆ.

ಈಲ್ ಬರಲಿಲ್ಲ. ಮಾವನವರೂ ಏನೂ ಹೇಳಲಿಲ್ಲ. ಕೆಂಪು ಬೆಳಕಿನಲ್ಲಿ ಇಬ್ಬರು ಮುದುಕರು ಒಂದು ಪೈಪಿನ ಬಾಯನ್ನು ನೋಡುತ್ತಾ ಕೂತಿದ್ದರು. ಗೋಡೆಯ ಮೇಲೆ ನೀರಿನ ನೆರಳು ಆಡುತ್ತಿತ್ತು. ಒಂದು ಸಲ ಅಂಕಲ್, "ಅಣ್ಣಾ, ಹೇಳಿ," ಅಂದರು. ಮಾವನವರು ತಲೆ ತಗ್ಗಿಸಿದರು. ಇಷ್ಟು ದೂರ ಬಂದವರಿಗೆ ಬರಿಗೈ ಆಯಿತಲ್ಲ ಅಂತ ಕಾಫಿ ತರಲು ತಿರುಗಿದೆ.

ಆಗ ಅಂಕಲ್ ಎದ್ದರು. ನನ್ನ ಹತ್ತಿರ ಬಂದು, ನಾನು ಅಲ್ಲಿದ್ದೇನೆ ಅನ್ನುವುದೇ ಕಾಣದವರಂತೆ ಬಾಗಿಲ ಹಿಡಿ ಹಿಡಿದು ಮೆಲ್ಲಗೆ ಎಳೆದುಕೊಂಡರು. ಒಳಗಿನಿಂದ ಚಿಲಕ ಬಿತ್ತು. ನಾನು ಹೊರಗೆ, ಬಿಸಿಲಿನಲ್ಲಿ ಉಳಿದೆ.

"ಮೂಡಿಟ್ಟೇನ್ ಮಾ," ಅಂದದ್ದು ಕೇಳಿಸಿತು. ಮುಚ್ಚಿದ್ದೀನಮ್ಮಾ ಅಂತ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ, ಅದಕ್ಕಿಂತ ಮೆಲ್ಲಗೆ.

ಅದಕ್ಕೆ ಏನಾದರೂ ಉತ್ತರ ಬಂತೇ ಅಂತ ತುಂಬ ಜನ ನನ್ನನ್ನು ಕೇಳಿದ್ದಾರೆ. ನನಗೆ ಕೇಳಿಸಿದ್ದು ಪಂಪಿನ ಸದ್ದು ಮಾತ್ರ. ಸಂಜೆ ಬಾಗಿಲು ತೆರೆದಾಗ ಅಂಕಲ್ ಕೈಯಲ್ಲಿ ಕಡ್ಡಿ ಇತ್ತು, ಗಂಡ ಅಲ್ಲಿ ತಂದಿಟ್ಟಿದ್ದ ಬಟ್ಟಲಿನ ಸಿಗಡಿ ಮುಗಿದಿತ್ತು. "ತಿಂತು," ಅಂದರು ಅಷ್ಟೇ. ಮುಖ ತೊಳೆದುಕೊಂಡು ಕಾಫಿ ಕುಡಿದು ಅದೇ ರಾತ್ರಿಯ ಬಸ್ಸಿಗೆ ಹೊರಟರು. ಗಂಡ ಸ್ಕೂಟರ್ ಸ್ಟಾರ್ಟ್ ಮಾಡುವವರೆಗೆ ಗೇಟಿನಲ್ಲಿ ನಿಂತಿದ್ದಾಗ ನನಗೆ ಹೇಳಿದರು, "ನೀನು ಹೆದರ್ಬೇಡಮ್ಮಾ. ಮೀನು ಅದು. ಬಾಯಿ ತೆಗೆಯೋದು ಉಸಿರಾಡೋಕೆ." ಹೇಳುವಾಗ ನನ್ನ ಮುಖ ನೋಡಲಿಲ್ಲ.

ಆಮೇಲೆ ಮಾವನವರು ಆ ತಮಿಳು ಮಾತುಗಳನ್ನು ಮತ್ತೆಂದೂ ಆಡಲಿಲ್ಲ. ಕೋಣೆಗೆ ಹೋಗುವುದನ್ನೂ ಬಿಟ್ಟರು. ಮಧ್ಯಾಹ್ನ ಜಗಲಿಯಲ್ಲಿ ಕೂರತೊಡಗಿದರು. ನೀರು, ಅನ್ನ, ಸಾಕು, ಬಾ ಎಂಬಂಥ ಮಾತುಗಳು ಒಂದೊಂದಾಗಿ ಬಂದವು. ದನಿ ಅವರದೇ, ಆದರೆ ತೆಳ್ಳಗಾಗಿತ್ತು. ಈಲನ್ನು ನೋಡಿಕೊಳ್ಳಲು ಗಂಡ ಒಬ್ಬರೇ ಉಳಿದರು.

ಏಪ್ರಿಲ್ ಬಿಸಿಲಿಗೆ ಆ ತಣ್ಣನೆಯ ಕೋಣೆಯೂ ಕಾಯಿತು. ಗಂಡ ತೊಟ್ಟಿಗೆ ಐಸ್ ತುಂಬಿದ ಬಾಟಲಿಗಳನ್ನು ತೇಲಿಬಿಡುತ್ತಿದ್ದರು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ಮಾವನವರು, "ಅದು ಹೋಯ್ತು," ಅಂದರು. ನಾನು ಕರೆಂಟು ಅಂದುಕೊಂಡು ಫ್ಯಾನಿನ ಕಡೆ ನೋಡಿದೆ. ಫ್ಯಾನು ತಿರುಗುತ್ತಿತ್ತು. ಗಂಡ ಟೂತ್‌ಬ್ರಶ್ ಬಾಯಲ್ಲಿಟ್ಟುಕೊಂಡೇ ಹಿಂದಕ್ಕೆ ಓಡಿದರು. ಈಲ್ ಪೈಪಿನೊಳಗೇ ಇತ್ತು, ತಲೆ ಸ್ವಲ್ಪ ಹೊರಗೆ, ಬಾಯಿ ತೆರೆದಂತೆಯೇ. ಮುಚ್ಚುತ್ತದೆ ಅಂತ ಕಾದೆವು. ಹಿಂದಿನ ಸಂಜೆ ಅದು ಚೆನ್ನಾಗಿಯೇ ತಿಂದಿತ್ತು.

"ವಾಸನೆ ಬಂದಿರ್ಬೇಕು ಅಪ್ಪಂಗೆ," ಅಂದರು ಗಂಡ. ನನಗೆ ಕೋಣೆಯೊಳಗೆ ನಿಂತಾಗಲೂ ಯಾವ ವಾಸನೆಯೂ ಬಂದಿರಲಿಲ್ಲ.

ಹಿತ್ತಲ ಕಾಂಪೌಂಡಿನ ಪಕ್ಕ ಗುಂಡಿ ತೋಡಿ ಹೂತೆವು. ಮಾವನವರು ಕೋಲು ಊರಿ ನಿಂತು ನೋಡಿದರು, ಎಡಗೈಯಿಂದ ಒಂದು ಹಿಡಿ ಮಣ್ಣು ಹಾಕಿದರು. ಅಂಗೈಯಲ್ಲಿ ಹಲ್ಲಿನ ಗುರುತುಗಳು ಬಿಳಿ ಚುಕ್ಕೆಗಳಾಗಿ ಉಳಿದಿದ್ದವು. ತೊಟ್ಟಿಯ ನೀರನ್ನು ಗಂಡ ಮೋರಿಗೆ ಚೆಲ್ಲಿದರು. ಅದು ತುಂಬಿ ಹರಿದು ನನ್ನ ಕರಿಬೇವಿನ ಗಿಡದ ಬುಡಕ್ಕೂ ಹೋಯಿತು. ಮಳೆ ಬರುವ ಮುಂಚೆಯೇ ಗಿಡ ಒಣಗಿತು. ಆ ಜಾಗದಲ್ಲಿ ಹುಲ್ಲು ಚಿಗುರಲು ಬಹಳ ಕಾಲ ಹಿಡಿಯಿತು.

ಅಂಕಲ್‌ಗೆ ಫೋನು ಮಾಡಿ ಹೇಳಿದೆವು. ಅವರು "ಸರಿಮ್ಮಾ" ಅಂದರು. ಅವರ ದನಿಯಲ್ಲಿ ದುಃಖವಿತ್ತೋ ನಿರಾಳವಿತ್ತೋ ನನಗೆ ಬೇರೆ ಮಾಡಲಾಗಲಿಲ್ಲ.

ಆ ಮಳೆಗಾಲದ ಒಂದು ಮಧ್ಯಾಹ್ನ ನಾನೂ ಮಾವನವರೂ ಜಗಲಿಯಲ್ಲಿ ಕೂತಿದ್ದೆವು. ಅವರಿಗೆ ಆಗ ಸಣ್ಣ ವಾಕ್ಯಗಳು ಬರುತ್ತಿದ್ದವು. ಕೇಳಬಾರದು ಅಂದುಕೊಂಡೇ ಎಷ್ಟೋ ದಿನ ಸುಮ್ಮನಿದ್ದವಳು ಆವತ್ತು ಕೇಳಿದೆ.

"ಮಾವ, ಆ ಕೋಣೇಲಿ ಕೂತ್ಕೊಂಡು ನೀವು ಮಾತಾಡ್ತಿದ್ರಲ್ಲ. ಆ ಮಾತು ನಿಮಗೆ ಹೇಗೆ ಬಂತು?"

ಅವರು ನನ್ನನ್ನು ಅರ್ಥವಾಗದವರಂತೆ ನೋಡಿದರು. ಪದಗಳನ್ನು ಹುಡುಕಿದರು. ಬೀದಿಯಲ್ಲಿ ಒಂದು ಆಟೋ ಹೋಯಿತು.

"ನಾನೆಲ್ಲಿ ಮಾತಾಡ್ದೆ?" ಅಂದರು. "ನಾನು ಕೇಳಿಸ್ಕೋತಿದ್ದೆ."

ಅವರು ತಟ್ಟೆಯಲ್ಲಿದ್ದ ಒಗ್ಗರಣೆ ಮಂಡಕ್ಕಿಯನ್ನು ನನ್ನ ಕಡೆ ಸರಿಸಿದರು. ಮಳೆ ಜೋರಾಯಿತು. ಇಬ್ಬರೂ ಕುರ್ಚಿಗಳನ್ನು ಗೋಡೆಯ ಕಡೆಗೆ ಎಳೆದುಕೊಂಡು ಕೂತೆವು.